ಬಾವಿ ಇರುವ ಮನೆಗೆ ಕ್ಯಾನ್ ನೀರು ಏಕೆ?

ಓದುಗರ ಪ್ರಶ್ನೆ – ತಜ್ಞರ ಉತ್ತರ

ಬಾಟಲಿ ನೀರು, ಕ್ಯಾನ್ ನೀರಿನ ಬಗ್ಗೆ ಮಂಗಳೂರು, ಉಡುಪಿ ಕಡೆಯ ಓದುಗರು ಕೇಳಿದ ಐದು ಪ್ರಶ್ನೆಗಳಿಗೆ ನೀರಿನ ಗುಣಮಟ್ಟದ ಕೆಲಸ ಬಲ್ಲವರು ಇಲ್ಲಿ ಉತ್ತರಿಸಿದ್ದಾರೆ.

ನಮ್ಮ ಬಾವಿ ಬೇಸಿಗೆಯಲ್ಲೂ ಬತ್ತುವುದಿಲ್ಲ. ಆದರೂ ಮಕ್ಕಳ ಹೊಟ್ಟೆನೋವಿಗೆ ಹೆದರಿ ವಾರಕ್ಕೆ ಮೂರು ಕ್ಯಾನ್ ನೀರು ತರಿಸುತ್ತಿದ್ದೇವೆ. ಬಾವಿ ನೀರನ್ನೇ ಮತ್ತೆ ಕುಡಿಯಬಹುದೇ ಎಂದು ಖಚಿತಪಡಿಸಿಕೊಳ್ಳುವುದು ಹೇಗೆ? – ಓದುಗರು, ಕಿನ್ನಿಗೋಳಿ

ವಾರಕ್ಕೆ ಮೂರು ಎಂದರೆ ವರ್ಷಕ್ಕೆ 156 ಕ್ಯಾನ್. ಒಂದಕ್ಕೆ 60 ರೂಪಾಯಿ ಹಿಡಿದರೂ 9,360 ರೂಪಾಯಿ ಆಯಿತು. ಅದರ ಒಂದು ಸಣ್ಣ ಪಾಲನ್ನು ಬಾವಿಯ ಮೇಲೆ ಹಾಕಿದರೆ ಹೆಚ್ಚಿನ ಮನೆಗಳಿಗೆ ಕ್ಯಾನಿನ ಅಗತ್ಯವೇ ಬೀಳುವುದಿಲ್ಲ.

ಮೊದಲು ಪರೀಕ್ಷೆ ಮಾಡಿಸಿ. ಅದೂ ಎರಡು ಸಲ, ಒಮ್ಮೆ ಮೇ ತಿಂಗಳಲ್ಲಿ, ಇನ್ನೊಮ್ಮೆ ಮೇ ಕೊನೆಯ ಪತ್ತನಾಜೆ ಕಳೆದು ಮಳೆ ಹಿಡಿದ ಎರಡು ಮೂರು ವಾರಕ್ಕೆ. ನಿರ್ಧಾರ ಮಾಡಬೇಕಾದದ್ದು ಎರಡನೆಯ ವರದಿಯ ಮೇಲೆ. ನಮ್ಮ ಮುರಕಲ್ಲಿನ (ಜಂಬಿಟ್ಟಿಗೆಯ) ನೆಲ ಸ್ಪಂಜಿನ ಹಾಗೆ ತೂತು ತೂತು. ಬೇಸಿಗೆಯಲ್ಲಿ ಶೌಚದ ಗುಂಡಿಯಲ್ಲೇ ಉಳಿಯುವ ಕೊಳೆ, ಮಳೆ ಬಂದು ಅಂತರ್ಜಲ ಏರಿದ ಕೂಡಲೇ ಆ ತೂತುಗಳ ಮೂಲಕ ಬಾವಿಗೆ ದಾರಿ ಮಾಡಿಕೊಳ್ಳುತ್ತದೆ. ಗುಂಡಿಗೂ ಬಾವಿಗೂ ಕನಿಷ್ಠ 15 ಮೀಟರ್ ಅಂತರ ಇರಬೇಕು ಎನ್ನುತ್ತಾರೆ. ಮುರಕಲ್ಲಿನಲ್ಲಿ ಇದಕ್ಕಿಂತ ಹೆಚ್ಚಿದ್ದಷ್ಟೂ ಒಳ್ಳೆಯದು, ಪಕ್ಕದ ಮನೆಯ ಗುಂಡಿಯನ್ನೂ ಅಳೆದು ನೋಡಿ.

ರೋಗಾಣು ಪರೀಕ್ಷೆಗೆ ಪ್ರಯೋಗಾಲಯದವರೇ ಕೊಡುವ ರೋಗಾಣುಮುಕ್ತ ಮಾಡಿದ ಸೀಸೆ ಬೇಕು. ಅದನ್ನು ತೊಳೆಯಬೇಡಿ, ಮುಚ್ಚಳದ ಒಳಭಾಗ ಮುಟ್ಟಬೇಡಿ, ಮೇಲೆ ಸ್ವಲ್ಪ ಜಾಗ ಬಿಟ್ಟು ತುಂಬಿಸಿ. ಐಸ್ ಇಟ್ಟ ಡಬ್ಬಿಯಲ್ಲಿ 6 ಗಂಟೆಯೊಳಗೆ ತಲುಪಿಸಿದರೆ ಉತ್ತಮ, 24 ಗಂಟೆ ಮೀರಲೇಬಾರದು. ಹಳೆಯ ಜ್ಯೂಸ್ ಬಾಟಲಿಯಲ್ಲಿ ತುಂಬಿಸಿ ಮರುದಿನ ಸಂಜೆ ಕೊಟ್ಟ ನೀರಿನ ವರದಿಗೆ ಬೆಲೆಯಿಲ್ಲ. ರಾಸಾಯನಿಕ ಪರೀಕ್ಷೆಗೆ ಬೇರೆ ಒಂದು ಲೀಟರಿನ ಸ್ವಚ್ಛ ಬಾಟಲಿ ಸಾಕು, ಅದನ್ನು ಅದೇ ನೀರಿನಲ್ಲಿ ಮೂರು ಸಲ ಕುಲುಕಿ ಚೆಲ್ಲಿ ತುಂಬಿಸಿ.

ವರದಿಯಲ್ಲಿ ಮೊದಲು ನೋಡಬೇಕಾದ ಸಾಲು ಇ-ಕೋಲೈ, ಅಂದರೆ ಮಲದಿಂದ ನೀರಿಗೆ ಸೇರುವ ಬ್ಯಾಕ್ಟೀರಿಯಾ. 100 ಮಿಲಿಲೀಟರಿನಲ್ಲಿ ಒಂದೂ ಇರಬಾರದು. ಟಿಡಿಎಸ್ ಸಂಖ್ಯೆ ನೋಡಿ ನೀರು ಶುದ್ಧ ಎನ್ನುವವರ ಮಾತು ನಂಬಬೇಡಿ. ಆ ಪೆನ್ನಿನಂಥ ಮೀಟರು ಕರಗಿದ ಲವಣವನ್ನಷ್ಟೇ ಅಳೆಯುತ್ತದೆ, ರೋಗಾಣು ಅದಕ್ಕೆ ಕಾಣುವುದಿಲ್ಲ. ಕುಡಿಯುವ ನೀರಿನ ಪಿಎಚ್ 6.5ರಿಂದ 8.5ರೊಳಗೆ ಇರಬೇಕೆಂಬುದು ಮಾನದಂಡ, ಕರಾವಳಿಯ ಮುರಕಲ್ಲು ಬಾವಿಗಳಲ್ಲಿ ಅದು ಕೆಳಗಿರುವುದು ಸಾಮಾನ್ಯ. ಅಂಥ ಹುಳಿ ನೀರು ತಾಮ್ರ, ಹಿತ್ತಾಳೆ, ಜಿ.ಐ. ಪೈಪನ್ನು ತಿನ್ನುತ್ತದೆ. ವಾಶ್‌ಬೇಸಿನ್ನಿನಲ್ಲಿ ನಲ್ಲಿಯ ಕೆಳಗೆ ನೀಲಿಹಸಿರು ಕಲೆ ಬಿದ್ದಿದ್ದರೆ ಅದೇ ಸುಳಿವು. ಬೆಳಿಗ್ಗೆ ಪೈಪಿನಲ್ಲಿ ನಿಂತಿದ್ದ ನೀರನ್ನು ಗಿಡಕ್ಕೆ ಬಿಟ್ಟು, ಆಮೇಲಿನದನ್ನು ಕುಡಿಯಲು ಹಿಡಿಯಿರಿ. ಸೇದುವಾಗ ತಿಳಿಯಾಗಿದ್ದ ನೀರು ಬಕೆಟಿನಲ್ಲಿ ಗಂಟೆ ಹೊತ್ತು ನಿಂತ ಮೇಲೆ ಕೆಂಪಾದರೆ, ಚಹಾ ಮಾಡಿದಾಗ ಕಪ್ಪಾದರೆ ಕಬ್ಬಿಣದಂಶ ಹೆಚ್ಚಿದೆ ಎಂದು ಅರ್ಥ. ಅದಕ್ಕೆ ಗಾಳಿಯಾಡಿಸಿ ಮರಳಿನಲ್ಲಿ ಸೋಸುವುದು ಪರಿಹಾರ.

ರೋಗಾಣು ಕಂಡರೆ ಕ್ಲೋರಿನ್ ಹಾಕಿ. ಬಾವಿಯ ಅಡ್ಡಳತೆ 2 ಮೀಟರ್, ನೀರಿನ ಆಳ 4 ಮೀಟರ್ ಇದ್ದರೆ ಸುಮಾರು 12,500 ಲೀಟರ್ ನೀರು. ಆಳ ಅಳೆಯಲು ಹಗ್ಗಕ್ಕೆ ಕಲ್ಲು ಕಟ್ಟಿ ಇಳಿಸಿ, ಒದ್ದೆಯಾದಷ್ಟು ಉದ್ದ ನೋಡಿ. ಸಾವಿರ ಲೀಟರಿಗೆ ಒಳ್ಳೆಯ ಬ್ಲೀಚಿಂಗ್ ಪೌಡರ್ 2.5 ಗ್ರಾಂ, ಅಂದರೆ ಈ ಬಾವಿಗೆ ಸುಮಾರು 31 ಗ್ರಾಂ. ಅಂದಾಜಿನಲ್ಲಿ ಹಾಕದೆ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ. ಪ್ಲಾಸ್ಟಿಕ್ ಬಕೆಟಿನಲ್ಲಿ ಸ್ವಲ್ಪ ನೀರು ಸೇರಿಸಿ ಗಂಟಿಲ್ಲದ ಹಿಟ್ಟಿನಂತೆ ಕಲಸಿ, ಮುಕ್ಕಾಲು ಬಕೆಟ್ ನೀರು ತುಂಬಿ ಕದಡಿ, ಹತ್ತು ನಿಮಿಷ ಬಿಡಿ. ತಳದಲ್ಲಿ ಬಿಳಿ ಸುಣ್ಣ ಕೂರುತ್ತದೆ. ಮೇಲಿನ ತಿಳಿಯನ್ನು ಮಾತ್ರ ಇನ್ನೊಂದು ಬಕೆಟಿಗೆ ಬಗ್ಗಿಸಿ, ಅದನ್ನು ಹಗ್ಗದಲ್ಲಿ ನೀರಿನೊಳಗೆ ಇಳಿಸಿ ಮೇಲೆ ಕೆಳಗೆ ಜಗ್ಗಿ ಬೆರೆಸಿ. ಕನಿಷ್ಠ ಒಂದು ಗಂಟೆ ನೀರು ಸೇದಬೇಡಿ. ರಾತ್ರಿ ಹಾಕಿ ಬೆಳಿಗ್ಗೆ ಸೇದುವುದು ಅನುಕೂಲ. ನಂತರ ಕ್ಲೋರಿನ್ ಅಳೆಯುವ ಕಿಟ್‌ನಲ್ಲಿ ಲೀಟರಿಗೆ 0.5 ಮಿಲಿಗ್ರಾಂ ಉಳಿದಿದೆಯೇ ನೋಡಿ.

ಕೆಲಸ ಕೆಡುವುದು ಹೆಚ್ಚಾಗಿ ಎರಡು ಕಡೆ. ಒಂದು, ಪುಡಿಯನ್ನು ಹಾಗೇ ಬಾವಿಗೆ ಎರಚುವುದು. ಅದು ತಳಕ್ಕಿಳಿದು ಸುಣ್ಣವಾಗಿ ಕೂರುತ್ತದೆ, ಮೇಲಿನ ನೀರಿಗೆ ಸರಿಯಾಗಿ ಬೆರೆಯುವುದಿಲ್ಲ. ಎರಡು, ಕಳೆದ ವರ್ಷದ ಪ್ಯಾಕೆಟ್ ಬಳಸುವುದು. ನಮ್ಮ ಕರಾವಳಿಯ ತೇವದ ಗಾಳಿಗೆ ಬಾಯಿ ತೆರೆದಿಟ್ಟ ಪುಡಿ ಬೇಗನೆ ಸತ್ವ ಕಳೆದುಕೊಳ್ಳುತ್ತದೆ. ಘಾಟು ಇಲ್ಲದ, ಮುದ್ದೆಯಾದ ಪುಡಿಯನ್ನು ಎಸೆದು ಹೊಸದು ತನ್ನಿ. ಜೊತೆಗೆ ಬಾವಿಗೆ ಕಟ್ಟೆ, ಸುತ್ತ ಒಂದು ಮೀಟರ್ ಅಗಲದ ಹೊರಗೆ ಇಳಿಜಾರಾದ ಸಿಮೆಂಟ್ ನೆಲ, ಮೇಲೆ ಬಲೆ ಇರಲಿ. ಬಟ್ಟೆ ಒಗೆಯುವ ಕಲ್ಲು ಬಾವಿಯ ಬಳಿ ಇದ್ದರೆ ದೂರಕ್ಕೆ ಸರಿಸಿ.

ಇಷ್ಟಾದರೂ ಮಳೆಗಾಲದಲ್ಲಿ ಕುಡಿಯುವ ನೀರನ್ನು ಕುದಿಸಿ. ಗುಳ್ಳೆಯೆದ್ದು ಕೊತಕೊತ ಕುದಿಯಲು ತೊಡಗಿದ ಮೇಲೆ ಒಂದು ನಿಮಿಷ ಸಾಕು, ಅರ್ಧ ಗಂಟೆ ಗ್ಯಾಸ್ ಉರಿಸಬೇಕಿಲ್ಲ. ನೆರೆ ನೀರು ಬಾವಿಗೆ ನುಗ್ಗಿದರೆ ಮಾತ್ರ ಮಾತು ಬೇರೆ. ಕೆಸರು ನೀರನ್ನು ಪಂಪಿನಿಂದ ಹೊರಹಾಕಿ, ಕ್ಲೋರಿನ್ ಕೊಟ್ಟು, ಮರುಪರೀಕ್ಷೆಯ ವರದಿ ಬರುವವರೆಗೆ ಕ್ಯಾನ್ ತರಿಸುವುದೇ ಸರಿ.

ಮದುವೆಗೆ 800 ಜನ. ಅಡುಗೆಯವರು 200 ಮಿಲಿಲೀಟರಿನ 1,200 ಬಾಟಲಿ ತರಿಸಿ ಎನ್ನುತ್ತಾರೆ. ಅಜ್ಜಿಗೆ ಲೋಟದಲ್ಲೇ ನೀರು ಕೊಡಬೇಕೆಂಬ ಆಸೆ. ಇಷ್ಟು ಜನಕ್ಕೆ ಅದು ಆಗುವ ಮಾತೇ? – ಓದುಗರು, ಬ್ರಹ್ಮಾವರ

ಖಂಡಿತ ಆಗುತ್ತದೆ. ಅಜ್ಜಿಯ ಮಾತಿಗೇ ನಮ್ಮ ಓಟು. ಮನೆಗೆ ಬಂದವರಿಗೆ ನೀರು ಬೆಲ್ಲ ಕೊಟ್ಟು ಕೂರಿಸುವ ಊರಿನಲ್ಲಿ, ಸೀಲ್ ಒಡೆದು ಕುಡಿಯಿರಿ ಎಂದು ಬಾಟಲಿ ಇಡುವುದು ಉಪಚಾರವಲ್ಲ.

ಬಂದಾಗ ಒಂದು ಲೋಟ, ಊಟಕ್ಕೆ ಎರಡು ಎಂದರೆ ತಲೆಗೆ 600 ಮಿಲಿಲೀಟರ್. ಒಟ್ಟು 480 ಲೀಟರ್, 500 ಎಂದುಕೊಳ್ಳಿ. ನೂರು ಲೀಟರಿನ ಐದು ಕೊಪ್ಪರಿಗೆ ನೀರು ಕುದಿಸಬೇಕು. ನೂರು ಲೀಟರ್ ಕುದಿಯಲು ಹೆಚ್ಚುಕಡಿಮೆ ಒಂದೂಕಾಲು ಕಿಲೋ ಗ್ಯಾಸ್ ಬೇಕು, ಐದಕ್ಕೂ ಸೇರಿ 19 ಕಿಲೋ ಸಿಲಿಂಡರಿನ ಮೂರನೇ ಒಂದು ಪಾಲು. ಕುದಿಸುವುದು ಹಿಂದಿನ ದಿನ ಮಧ್ಯಾಹ್ನವೇ ಮುಗಿಯಬೇಕು. ಕೊಪ್ಪರಿಗೆ ತುಂಬಿದ ನೀರು ತಣಿಯಲು ಇಡೀ ರಾತ್ರಿ ಹಿಡಿಯುತ್ತದೆ. ಬೆಳಿಗ್ಗೆ ಐದಕ್ಕೆ ಒಲೆ ಹಚ್ಚಿದವರ ನೀರು ಊಟದ ಹೊತ್ತಿಗೂ ಬಿಸಿಯಾಗಿದ್ದು, ಕೊನೆಗೆ ಯಾರೋ ಹಸಿ ನೀರು ಬೆರೆಸಿಬಿಡುತ್ತಾರೆ. ಅಲ್ಲಿಗೆ ಕುದಿಸಿದ್ದೆಲ್ಲ ವ್ಯರ್ಥ. ಒಲೆ ಆರಿಸಿದ ಮೇಲೆ ತೊಳೆದ ಲಾವಂಚದ ಬೇರನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಇಳಿಬಿಡಿ, ಕೊಪ್ಪರಿಗೆಗೆ ಒಂದು ಹಿಡಿ ಸಾಕು.

ತಣಿದ ನೀರಿಗೆ ಸೌಟು, ಚೊಂಬು ಅದ್ದಿದರೆ ಕೈಯ ಕೊಳೆ ಪೂರ್ತಿ ಕೊಪ್ಪರಿಗೆಗೆ ಸೇರುತ್ತದೆ. ನಲ್ಲಿ ಇರುವ ಸ್ಟೀಲ್ ಡ್ರಮ್ಮಿಗೆ ಬಟ್ಟೆಯಲ್ಲಿ ಸೋಸಿ ತುಂಬಿಸಿ, ಜಗ್ಗಿಗೆ ನಲ್ಲಿಯಿಂದಲೇ ಹಿಡಿಯಿರಿ. ಡ್ರಮ್ಮನ್ನೂ ಮೊದಲೇ ಕುದಿನೀರಿನಲ್ಲಿ ತೊಳೆದಿರಬೇಕು. ಮೂರು ಪಂಕ್ತಿಯಾದರೆ ಒಂದಕ್ಕೆ 270 ಜನ, ಲೋಟ 330 ಇದ್ದರೆ ಸಾಕು. 25 ಜನಕ್ಕೆ ಒಬ್ಬರಂತೆ 11 ಮಂದಿ ನೀರು ಬಡಿಸಲಿಕ್ಕೆಂದೇ ಇರಲಿ. ಸಾಂಬಾರು ಬಡಿಸುವವರಿಗೇ ನೀರನ್ನೂ ವಹಿಸಿದರೆ ಎಲೆಯ ಮುಂದೆ ಕೂತವರು ನೀರಿಗಾಗಿ ಕೂಗಬೇಕಾಗುತ್ತದೆ, ಮುಂದಿನ ಮದುವೆಗೆ ಎಲ್ಲರೂ ಬಾಟಲಿಯೇ ವಾಸಿ ಎನ್ನುತ್ತಾರೆ. ತೊಳೆಯಲು ಮೂರು ಟಬ್ ಇಡಿ. ಸೋಪಿನ ನೀರು, ಹಸಿ ನೀರು, ಕೈ ಹಾಕಲಾಗದಷ್ಟು ಬಿಸಿ ನೀರು, ಅದೇ ಕ್ರಮದಲ್ಲಿ. ಕೊನೆಯದಕ್ಕೆ ತಂತಿಬುಟ್ಟಿಯಲ್ಲಿ ಲೋಟ ಅದ್ದಿ, ಮಗುಚಿ ಒಣಗಿಸಿ. ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ.

ಬಾಟಲಿಯ ಲೆಕ್ಕವನ್ನೂ ಅಡುಗೆಯವರಿಗೆ ತೋರಿಸಿ. 200 ಮಿಲಿಲೀಟರಿನ ಖಾಲಿ ಬಾಟಲಿ ಮುಚ್ಚಳ ಸಮೇತ ಹತ್ತು ಗ್ರಾಂ ಆಸುಪಾಸು ತೂಗುತ್ತದೆ, 1,200ಕ್ಕೆ 12 ಕಿಲೋ ಪ್ಲಾಸ್ಟಿಕ್. ಅದರಲ್ಲೂ ಅರ್ಧ ಕುಡಿದು ಬಿಟ್ಟ ಬಾಟಲಿಗಳದೇ ದೊಡ್ಡ ಗೋಳು. ನೀರು ತುಂಬಿದ್ದನ್ನು ಗುಜರಿಯವರು ಕೊಳ್ಳುವುದಿಲ್ಲ. ಪೌರಕಾರ್ಮಿಕರು ಒಂದೊಂದರ ಮುಚ್ಚಳ ತಿರುಗಿಸಿ ಚೆಲ್ಲಬೇಕು, ಇಲ್ಲವೇ ಹಾಗೆಯೇ ಡಂಪಿಂಗ್ ಯಾರ್ಡಿಗೆ ಹೋಗಬೇಕು. 2019ರ ಆಗಸ್ಟ್ ಮಳೆಗೆ ಮಂಗಳೂರಿನ ಪಚ್ಚನಾಡಿಯ ಕಸದ ರಾಶಿ ಜಾರಿ ಮಂದಾರದ ಮನೆ, ಅಡಿಕೆ ತೋಟಗಳ ಮೇಲೆ ಬಿದ್ದದ್ದು ಇಂಥ ಕಸವೇ ಕೂಡಿಕೂಡಿ.

ಬಾಯಾರಿದಾಗ ಬಾಟಲಿ ಕೊಳ್ಳುವುದು ತಪ್ಪೇ? ನಾನು ಖಾಲಿ ಬಾಟಲಿಯನ್ನು ಮರುಬಳಕೆಯ ಡಬ್ಬಿಗೇ ಹಾಕುತ್ತೇನೆ. – ವಿದ್ಯಾರ್ಥಿನಿ, ಮಂಗಳೂರು

ಬಾಯಾರಿದವರು ನೀರು ಕೊಂಡರೆ ತಪ್ಪಲ್ಲ. ಬಸ್ ನಿಲ್ದಾಣದಲ್ಲಿ, ಕಡಲತೀರದಲ್ಲಿ, ಸಭಾಂಗಣದಲ್ಲಿ ಬಾಟಲಿಯ ಹೊರತು ಬೇರೆ ದಾರಿ ಇಲ್ಲದಂತೆ ಮಾಡಿದವರದು ತಪ್ಪು. ಹಣ ಇರುವವರೆಲ್ಲ ಬಾಟಲಿಗೆ ಹೊರಳಿದ ಮೇಲೆ ಸಾರ್ವಜನಿಕ ನಲ್ಲಿ ಕೆಟ್ಟರೆ ದೂರು ಕೊಡುವ ಬಾಯಿ ಕಡಿಮೆಯಾಗುತ್ತದೆ, ಕೊನೆಗೆ ಆ ನಲ್ಲಿಯ ಮುಂದೆ ನಿಲ್ಲುವವರು ಕೊಳ್ಳಲಾರದವರು ಮಾತ್ರ. ಲೀಟರಿಗೆ 20 ರೂಪಾಯಿ ಎಂದರೆ ಸಾವಿರ ಲೀಟರಿಗೆ 20,000. ನಿಮ್ಮ ಮನೆಯ ನೀರಿನ ಬಿಲ್ಲಿನಲ್ಲಿ ಸಾವಿರ ಲೀಟರಿನ ದರ ಎಷ್ಟಿದೆ ಎಂದು ಪಕ್ಕಪಕ್ಕ ಇಟ್ಟು ನೋಡಿ.

ಶಕ್ತಿಯ ಲೆಕ್ಕವೂ ಹಾಗೆಯೇ. ಅಮೆರಿಕದ ಪೆಸಿಫಿಕ್ ಇನ್‌ಸ್ಟಿಟ್ಯೂಟ್ 2009ರಲ್ಲಿ ಅಲ್ಲಿನ ಬಾಟಲಿ ನೀರಿಗೆ ಹಾಕಿದ ಲೆಕ್ಕದಲ್ಲಿ ಪ್ಲಾಸ್ಟಿಕ್ ತಯಾರಿ, ಸಾಗಾಟ, ತಂಪು ಎಲ್ಲ ಸೇರಿ ಲೀಟರಿಗೆ 5.6ರಿಂದ 10.2 ಮೆಗಾಜೂಲ್. ಮನೆಯಲ್ಲಿ ಒಂದು ಲೀಟರ್ ಕುದಿಸಲು ಅರ್ಧ ಮೆಗಾಜೂಲಿಗಿಂತ ಸ್ವಲ್ಪ ಹೆಚ್ಚು ಗ್ಯಾಸ್ ಸಾಕು.

ಡಬ್ಬಿಗೆ ಹಾಕುವುದು ಒಳ್ಳೆಯದೇ, ಬಿಡಬೇಡಿ. ಆದರೆ ಪೆಟ್ ಎಂಬ ಪ್ಲಾಸ್ಟಿಕ್ಕಿನ ಹೆಚ್ಚಿನ ಬಾಟಲಿಗಳು ಮತ್ತೆ ಬಾಟಲಿಯಾಗುವುದಿಲ್ಲ, ನೂಲಾಗಿ ಬಟ್ಟೆಗೆ, ದಿಂಬಿನ ಹತ್ತಿಗೆ ಹೋಗುತ್ತವೆ. ಅಲ್ಲಿಂದ ಮುಂದೆ ದಾರಿ ಬಹುತೇಕ ಮುಚ್ಚಿದಂತೆ. ಮುಚ್ಚಳ ಬೇರೆಯದೇ ಪ್ಲಾಸ್ಟಿಕ್. ಮಳೆಗಾಲದ ಒಂದು ಬೆಳಿಗ್ಗೆ ಪಣಂಬೂರಿನಲ್ಲೋ ತಣ್ಣೀರುಬಾವಿಯಲ್ಲೋ ಅಲೆ ತಂದಿಟ್ಟ ಕಸದ ಗೆರೆಯನ್ನು ಬಗ್ಗಿ ನೋಡಿ. ನೀಲಿ, ಬಿಳಿ ಮುಚ್ಚಳಗಳು ಸಾಲು ಹಿಡಿದಿರುತ್ತವೆ, ಬಾಟಲಿ ಅಷ್ಟಾಗಿ ಕಾಣುವುದಿಲ್ಲ. ಮುಚ್ಚಳದ ಪ್ಲಾಸ್ಟಿಕ್ ನೀರಿಗಿಂತ ಹಗುರ, ತೇಲುತ್ತದೆ. ಪೆಟ್ ನೀರಿಗಿಂತ ಭಾರ, ಮುಚ್ಚಳ ಕಳಚಿ ನೀರು ತುಂಬಿದರೆ ಮುಳುಗುತ್ತದೆ. ದಡದಲ್ಲಿ ಕಾಣದ ಬಾಟಲಿ ತಳದಲ್ಲಿ ಇದೆ.

ಚೀಲದಲ್ಲಿ ಮುಕ್ಕಾಲು ಲೀಟರಿನ ಸ್ಟೀಲ್ ಬಾಟಲಿ ಇರಲಿ. ಅದಕ್ಕಿಂತ ದೊಡ್ಡ ಕೆಲಸ, ಕಾಲೇಜಿನ ಕಾರ್ಯಕ್ರಮಗಳಲ್ಲಿ ವೇದಿಕೆಯ ಮೇಲಿನ ಬಾಟಲಿಗಳನ್ನು ತೆಗೆಸಿ ಜಗ್ಗು, ಲೋಟ ಇಡಿಸುವುದು.

ಅಂಗಡಿಯ ಮುಂದೆ ಬಿಸಿಲಿಗೆ ಬಾಟಲಿ ಪೇರಿಸಿಟ್ಟರೆ ಏನಾದರೂ ತೊಂದರೆಯೇ? – ವ್ಯಾಪಾರಿ, ಮಲ್ಪೆ

ಇದೆ, ಒಳಗೆ ತೆಗೆದಿಡಿ. ಪೆಟ್ ತಯಾರಿಕೆಯಲ್ಲಿ ಬಳಸುವ ಆಂಟಿಮನಿ ಎಂಬ ಲೋಹಾಂಶ ಬಿಸಿ ಹೆಚ್ಚಿದಷ್ಟೂ ನೀರಿಗೆ ಹೆಚ್ಚು ಇಳಿಯುತ್ತದೆ, ರುಚಿಯೂ ಕೆಡುತ್ತದೆ. ಫಿನಾಯಿಲ್, ಸೀಮೆಎಣ್ಣೆಯ ಪಕ್ಕ ಇಟ್ಟರೆ ಸೀಲ್ ಇದ್ದರೂ ವಾಸನೆ ಒಳಹೋಗಬಹುದು. ಕ್ಯಾನ್ ಮಾರುವುದಾದರೆ ಸೀಲ್, ತುಂಬಿದ ದಿನಾಂಕ, ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ಪರವಾನಗಿಯ 14 ಅಂಕಿ ನೋಡಿ ತೆಗೆದುಕೊಳ್ಳಿ. 2024ರ ಅಕ್ಟೋಬರಿನಲ್ಲಿ ಈ ಪ್ರಾಧಿಕಾರ ಐಎಸ್‌ಐ ಗುರುತಿನ ಕಡ್ಡಾಯವನ್ನು ಕೈಬಿಟ್ಟು, ನವೆಂಬರಿನಲ್ಲಿ ಈ ನೀರನ್ನು ಹೆಚ್ಚು ಅಪಾಯದ ಆಹಾರಗಳ ಪಟ್ಟಿಗೆ ಸೇರಿಸಿತು.

ಬೇಸಿಗೆಯಲ್ಲಿ ಬಾವಿಗೆ ಉಪ್ಪು ಬರುತ್ತದೆ, ನಲ್ಲಿ ನೀರು ದಿನ ಬಿಟ್ಟು ದಿನ. ಕ್ಯಾನ್ ಬಿಟ್ಟರೆ ಆರ್‌ಒ ಒಂದೇ ದಾರಿಯೇ? – ಓದುಗರು, ಉಳ್ಳಾಲ

ನಲ್ಲಿಯಲ್ಲಿ ಬರುವ ಹೊಳೆಯ ನೀರಿಗೆ ಆರ್‌ಒ ಬೇಡವೇ ಬೇಡ. ಅದರಲ್ಲಿ ತೆಗೆಯಬೇಕಾದಷ್ಟು ಲವಣವೇ ಇರುವುದಿಲ್ಲ. ಟಿಡಿಎಸ್ ಲೀಟರಿಗೆ 500 ಮಿಲಿಗ್ರಾಮಿಗಿಂತ ಕಡಿಮೆ ಇರುವಲ್ಲಿ ಆರ್‌ಒ ನಿಷೇಧಿಸಲು ರಾಷ್ಟ್ರೀಯ ಹಸಿರು ಪೀಠ 2019ರಲ್ಲೇ ಹೇಳಿತ್ತು. ಸೋಸುವ ಕ್ಯಾಂಡಲ್, ಇದ್ದಿಲು, ಯುವಿ ದೀಪ ಇರುವ ಯಂತ್ರ ಸಾಕು. ಬಾವಿಯ ಉಪ್ಪು ನೀರಿಗೆ ಆರ್‌ಒ ಕೆಲಸ ಮಾಡುತ್ತದೆ ನಿಜ, ಆದರೆ ಮನೆಯ ಯಂತ್ರಗಳು ಒಂದು ಲೀಟರ್ ಕೊಡಲು ಎರಡು ಮೂರು ಲೀಟರ್ ಹೊರಗೆ ಬಿಡುತ್ತವೆ. ಅದಕ್ಕಾಗಿ ಬಾವಿಯಿಂದ ಹೆಚ್ಚು ನೀರೆತ್ತಿದರೆ ಉಪ್ಪು ಇನ್ನೂ ಒಳಗೆ ಸರಿಯುತ್ತದೆ.

ನಿಮ್ಮ ಮಾಡಿನ (ಛಾವಣಿಯ) ಮೇಲೆ ಬೀಳುವುದನ್ನು ಲೆಕ್ಕ ಹಾಕಿ. 100 ಚದರ ಮೀಟರ್ ಮಾಡಿಗೆ 3,500 ಮಿಲಿಮೀಟರ್ ಮಳೆ ಬಿದ್ದರೆ, ಐದನೇ ಒಂದು ಪಾಲು ನಷ್ಟವಾದರೂ 2,80,000 ಲೀಟರ್ ಕೈಗೆ ಸಿಗುತ್ತದೆ. ಐದು ಜನರ ಮನೆಗೆ ಕುಡಿಯಲು, ಅಡುಗೆಗೆ ದಿನಕ್ಕೆ 25 ಲೀಟರ್. ಡಿಸೆಂಬರಿನಿಂದ ಮೇ ಕೊನೆಯವರೆಗಿನ 180 ದಿನಕ್ಕೆ 4,500 ಲೀಟರ್, ಅಂದರೆ 5,000 ಲೀಟರಿನ ಒಂದು ಟ್ಯಾಂಕ್. ಟ್ಯಾಂಕಿಗೆ ಬೆಳಕು ಬೀಳಬಾರದು, ಬಿದ್ದರೆ ಪಾಚಿ ಕಟ್ಟುತ್ತದೆ. ಗಾಳಿಕೊಳವೆಗೂ ಹೆಚ್ಚಾದ ನೀರು ಹೋಗುವ ಪೈಪಿಗೂ ಸೊಳ್ಳೆ ಬಲೆ ಕಟ್ಟಿ. ಪ್ರತಿ ಮಳೆಯ ಮೊದಲ 200 ಲೀಟರನ್ನು, ಅಂದರೆ ಮೊದಲ 2 ಮಿಲಿಮೀಟರನ್ನು, ಹೊರಗೆ ಬಿಡಿ. ಕಾಗೆ ಹಿಕ್ಕೆ, ಎಲೆಪುಡಿ ಎಲ್ಲ ಅದರಲ್ಲೇ ಹೋಗುತ್ತದೆ. ಟ್ಯಾಂಕನ್ನು ಜೂನಿನಲ್ಲಿ ತುಂಬಿಸಬೇಡಿ. ಜುಲೈ ಹೊತ್ತಿಗೆ ಮಾಡು ತೊಳೆದು ಹೋಗಿರುತ್ತದೆ, ಸೆಪ್ಟೆಂಬರಿನ ಮಳೆಗೆ ತುಂಬಿಸಿ ಮುಚ್ಚಿದರೆ ಸಾಕು. ಉಳಿದ ಮಳೆನೀರನ್ನು ಜಲ್ಲಿ, ಇದ್ದಿಲು, ಮರಳಿನ ಡ್ರಮ್ಮಿನಲ್ಲಿ ಸೋಸಿ ಬಾವಿಗೇ ಇಳಿಸಿ. ಮೇ ತಿಂಗಳಲ್ಲಿ ಉಪ್ಪಿನಂಶ ತೋರಿಸುವ ಕ್ಲೋರೈಡ್ ಅಳೆಸಿ ಬರೆದಿಡಿ, ಮುಂದಿನ ಮೇಯಲ್ಲಿ ಮತ್ತೆ ಅಳೆಸಿ. ಲೀಟರಿಗೆ 250 ಮಿಲಿಗ್ರಾಮಿಗಿಂತ ಕೆಳಗೆ ಬಂದ ವರ್ಷ ಬಾವಿಯ ನೀರನ್ನು, ಇ-ಕೋಲೈ ಪರೀಕ್ಷೆ ಆದ ಮೇಲೆ, ಕುಡಿಯಲು ಬಳಸಬಹುದು.