ಅಮ್ಮನಿಗೆ ಆಲ್‌ಝೈಮರ್ ಇರಬಹುದು ಅಂದಿದ್ದಾರೆ, ಬೆಂಗಳೂರಿನಲ್ಲಿ ಚಿಕಿತ್ಸೆಗೆ ಎಲ್ಲಿಗೆ ಹೋಗಲಿ?

ಮೊದಲು ನಿಮ್ಹಾನ್ಸ್‌ಗೆ ಕರೆದುಕೊಂಡು ಹೋಗಿ. ಅಲ್ಲಿ ನರರೋಗ ತಜ್ಞರೂ ಇದ್ದಾರೆ, ಮನೋವೈದ್ಯರೂ ಇದ್ದಾರೆ. ವಿಟಮಿನ್ ಬಿ12 ಮತ್ತು ಥೈರಾಯ್ಡ್ ರಕ್ತಪರೀಕ್ಷೆ ಬಿಡಬೇಡಿ. ಅವು ಕಡಿಮೆಯಾದರೂ ಮರೆವು ಬರುತ್ತದೆ, ಅದಕ್ಕೆ ಮದ್ದಿದೆ. ಆಲ್‌ಝೈಮರ್ ಅಂತಲೇ ಖಚಿತವಾದರೆ ಡೊನೆಪೆಜಿಲ್, ಮೆಮಾಂಟಿನ್ ತರಹದ ಮಾತ್ರೆ ಕೊಡುತ್ತಾರೆ. ಇವು ಕಾಯಿಲೆ ವಾಸಿ ಮಾಡುವುದಿಲ್ಲ, ಕೆಲವರಿಗೆ ಸ್ವಲ್ಪ ಕಾಲ ಲಕ್ಷಣಗಳು ಹಿಡಿತದಲ್ಲಿರುತ್ತವೆ, ಅಷ್ಟೇ.

ಮಾತ್ರೆಯಷ್ಟೇ ಮುಖ್ಯ ದಿನಚರಿ ಅಂತ ನನಗೆ ಅನಿಸುತ್ತದೆ. ಎದ್ದೊಡನೆ ಕಾಫಿ, ಆಮೇಲೆ ಹೂ ಕಟ್ಟುವುದು, ಅವರೆಕಾಯಿ ಸುಲಿಯುವುದು, ಸಂಜೆ ಹಳೇ ದೇವರನಾಮ. ದಿನಾ ಅದೇ ಹೊತ್ತಿಗೆ ಆಗಲಿ. "ಆಗಲೇ ಹೇಳಿದೆನಲ್ಲ" ಅಂತ ಮಾತ್ರ ಅನ್ನಬೇಡಿ. ಹತ್ತನೇ ಸಲ ಕೇಳಿದರೂ ಅವರಿಗೆ ಅದು ಮೊದಲ ಸಲವೇ ಅಲ್ವಾ?

ಮನೆಯಲ್ಲಿ ನೋಡಿಕೊಳ್ಳುವುದು ಕಷ್ಟವಾದರೆ, ಡಿಮೆನ್ಷಿಯಾ (ಆಲ್‌ಝೈಮರ್‌ನಂಥ ಮರೆವಿನ ಕಾಯಿಲೆ) ಇರುವವರಿಗೆಂದೇ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ಬೆಂಗಳೂರಿನಲ್ಲಿ ಆರೈಕೆ ಕೇಂದ್ರ ನಡೆಸುತ್ತದೆ. ಹಿರಿಯರ ಸಹಾಯವಾಣಿ 14567. ನೀವೇ ಕುಗ್ಗಿಹೋದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.