ಅಚ್ಚುಮೊಳೆಯ ಚಿಲ್ಲರೆ ಕೆಲಸ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಮಾನ್ಯರೆ, ಅಚ್ಚುಮೊಳೆ, ಅಂದರೆ ಲೋಹದ ಬಿಡಿ ಅಕ್ಷರ, ಜೋಡಿಸಿ ಅಂದವಾದ ಪುಸ್ತಕಗಳನ್ನು ಅಚ್ಚು ಹಾಕುವ ಒಂದು ಮುದ್ರಣಾಲಯವನ್ನು ಈಚೆಗೆ ನೋಡಿದೆ. ಅಲ್ಲಿ ಒಣಗಲು ಹರಡಿದ್ದವುಗಳಲ್ಲಿ ಪುಸ್ತಕದ ಪುಟಗಳು ಕಡಿಮೆ. ರಸೀತಿ, ಲೇಬಲ್, ವಿಸಿಟಿಂಗ್ ಕಾರ್ಡ್, ಲಕೋಟೆ, ಪ್ರವೇಶ ಚೀಟಿಗಳೇ ಹೆಚ್ಚು. ನಾಳೆ ಕಸದ ಬುಟ್ಟಿ ಸೇರುವ ಕಾಗದಕ್ಕೆ ಅಷ್ಟು ಒಳ್ಳೆಯ ಮೊಳೆ, ಅಷ್ಟು ಶ್ರಮ ಏಕೆ?

ಉತ್ತರ: ಪುಸ್ತಕವೇ ಮೊದಲು, ಚಿಲ್ಲರೆ ಕೆಲಸ ಅದರ ಹಿಂದೆ ಬಂದದ್ದು ಎಂದು ನಾವು ಎಣಿಸುತ್ತೇವೆ, ಮುದ್ರಣದ ಚರಿತ್ರೆ ಹಾಗೆ ಹೇಳುವುದಿಲ್ಲ. ಗುಟೆನ್‌ಬರ್ಗ್‌ನ ಹೆಸರು ಬಂದೊಡನೆ ಸುಮಾರು 1455ರಲ್ಲಿ ಮುಗಿದ ಬೈಬಲ್ ನೆನಪಾಗುತ್ತದೆ. ಆದರೆ ಅದು ಅಚ್ಚಾದ ಜರ್ಮನಿಯ ಮೈಂಜ್ ನಗರದಲ್ಲಿಯೇ, ಬೈಬಲ್ ಇನ್ನೂ ಅಚ್ಚಿನಲ್ಲಿದ್ದಾಗಲೇ, ಹಣ ಪಡೆದು ಚರ್ಚು ಕೊಡುತ್ತಿದ್ದ ಒಂದೇ ಹಾಳೆಯ ಪಾಪವಿಮೋಚನಾ ಪತ್ರಗಳು ಮುದ್ರಣಗೊಂಡು 1454ರಲ್ಲಿ ಜನರ ಕೈ ಸೇರಿದ್ದವು. ಹಣ ಕೊಟ್ಟವರ ಹೆಸರು ಮತ್ತು ದಿನಾಂಕವನ್ನು ಕೈಯಿಂದ ತುಂಬಲು ಅವುಗಳಲ್ಲಿ ಜಾಗ ಖಾಲಿ ಬಿಟ್ಟಿದ್ದರು. ಇಂದು ನಾವು ಭರ್ತಿ ಮಾಡುವ ನಮೂನೆಗಳ, ರಸೀತಿಗಳ ರೂಪ ಅಲ್ಲಿಯೇ ಪೂರ್ತಿಯಾಗಿ ಕಾಣುತ್ತದೆ. ಇಂಗ್ಲೆಂಡಿನಲ್ಲಿ ಮುದ್ರಕ ವಿಲಿಯಂ ಕ್ಯಾಕ್ಸ್‌ಟನ್ ಸುಮಾರು 1477ರಲ್ಲಿ ತನ್ನ ಒಂದು ಪುಸ್ತಕದ ಮಾರಾಟಕ್ಕೆಂದು ಅಂಗೈಯಗಲದ ಜಾಹೀರಾತನ್ನು ಅಚ್ಚು ಹಾಕಿ, ಈ ಚೀಟಿ ಇಲ್ಲಿಯೇ ಇರಲಿ ಎಂದು ಬೇಡಿಕೊಳ್ಳುವ ಒಂದು ಲ್ಯಾಟಿನ್ ಸಾಲನ್ನು ಅದರ ಕೊನೆಗೆ ಸೇರಿಸಿದ. ಅದರ ಎರಡೇ ಎರಡು ಪ್ರತಿಗಳು ಇಂದಿಗೆ ಉಳಿದಿವೆ.

ಹಣದ ಲೆಕ್ಕವೂ ಇದೆ. ಪುಸ್ತಕವೊಂದು ತಿಂಗಳುಗಟ್ಟಲೆ ಮೊಳೆಯನ್ನೂ ಕಾಗದವನ್ನೂ ಹಿಡಿದಿಟ್ಟುಕೊಳ್ಳುತ್ತದೆ, ಹಾಕಿದ ಬಂಡವಾಳ ತಿರುಗಿ ಬರುವುದು ಎಷ್ಟೋ ಕಾಲದ ಮೇಲೆ. ಲೆಟರ್‌ಹೆಡ್ಡಿನ ಕೆಲಸ ವಾರದೊಳಗೆ ಮುಗಿದು ಕೂಲಿ ಕೈಗೆ ಬರುತ್ತದೆ. 1850ರ ದಶಕದಲ್ಲಿ ಅಮೆರಿಕದ ಜಾರ್ಜ್ ಗಾರ್ಡನ್ ರೂಪಿಸಿದ, ಕಾಲಿನಿಂದ ತುಳಿದು ನಡೆಸುವ ಚಿಕ್ಕ ಪ್ರೆಸ್ಸುಗಳು, ಅಂದರೆ ನಾವು ಟ್ರೆಡಲ್ ಎಂದು ಕರೆಯುವ ಯಂತ್ರಗಳು, ಹರಡಿದ್ದೇ ಈ ಕೆಲಸಕ್ಕಾಗಿ. ಹೆಸರಾಂತ ಮುದ್ರಕರೂ ಇದನ್ನು ಕೀಳೆಂದು ಕಂಡವರಲ್ಲ. ಡೇನಿಯಲ್ ಬರ್ಕ್ಲಿ ಅಪ್‌ಡೈಕ್ 1893ರಲ್ಲಿ ಬಾಸ್ಟನ್ನಿನಲ್ಲಿ ಆರಂಭಿಸಿದ ಮೆರಿಮೌಂಟ್ ಪ್ರೆಸ್ ತನ್ನ ಪುಸ್ತಕಗಳಿಗೆ ಹೇಗೋ ಹಾಗೆಯೇ ಇಂಥ ಬಿಡಿ ಕೆಲಸಗಳ ಅಚ್ಚುಕಟ್ಟಿಗೂ ಹೆಸರು ಪಡೆದಿತ್ತು.

ಇವೆಲ್ಲಕ್ಕಿಂತ ನನಗೆ ಮುಖ್ಯವೆನಿಸುವುದು ಬೇರೆಯದು. ಪುಸ್ತಕದ ಪುಟದಲ್ಲಿ ಮೂವತ್ತು ಸಾಲುಗಳಿರುತ್ತವೆ. ಒಂದು ಪದದ ಪಕ್ಕದಲ್ಲಿ ಜಾಗ ತುಸು ಹೆಚ್ಚಾದರೆ ಓದುವ ಓಟದಲ್ಲಿ ಅದು ಮರೆಯಾಗುತ್ತದೆ. ಕಾರ್ಡಿನಲ್ಲಿರುವುದು ನಾಲ್ಕು ಸಾಲು. ಅಲ್ಲಿ ಹೆಸರಿಗೂ ಹುದ್ದೆಗೂ ನಡುವೆ ಒಂದು ಲೆಡ್, ಅಂದರೆ ಸಾಲುಗಳ ನಡುವೆ ಇಡುವ ತೆಳುವಾದ ಸೀಸದ ಪಟ್ಟಿ, ಹೆಚ್ಚಾದರೂ ಕಣ್ಣಿಗೆ ಹೊಡೆಯುತ್ತದೆ. ಆದ್ದರಿಂದ ಒಂದು ಮುದ್ರಣಾಲಯದ ಕಸುಬುದಾರಿಕೆಯನ್ನು ಅಳೆಯಬೇಕಾದರೆ ಅವರು ಅಚ್ಚು ಹಾಕಿದ ರಸೀತಿಯನ್ನು ಮೊದಲು ಕೇಳಿ ನೋಡಬೇಕೆಂದು ನಾನು ನಂಬಿದ್ದೇನೆ.

ಪ್ರಶ್ನೆ: ಕಾರ್ಡಿನ ಮೇಲೆ ಬೆರಳಾಡಿಸಿದರೆ ಅಕ್ಷರದ ಗುಳಿ ಕೈಗೆ ಸಿಗಬೇಕು, ಆಗಲೇ ಅದು ನಿಜವಾದ ಲೆಟರ್‌ಪ್ರೆಸ್ (ಮೊಳೆಯಚ್ಚು) ಎಂದು ಗೆಳೆಯರು ಹೇಳುತ್ತಾರೆ. ನನ್ನ ಕಾರ್ಡು ಮುದ್ರಿಸಲು ಒಪ್ಪಿದವರು ಒತ್ತಡ ಹಗುರವಾಗಿಯೇ ಇರಲಿ ಎನ್ನುತ್ತಿದ್ದಾರೆ. ಯಾರ ಮಾತು ಕೇಳಲಿ?

ಉತ್ತರ: ಮುದ್ರಕರ ಮಾತು ಕೇಳಿ. ಆದರೆ ಅವರು ಹಾಗೇಕೆ ಹೇಳುತ್ತಾರೆಂದು ತಿಳಿದು ಕೇಳುವುದು ಒಳ್ಳೆಯದು.

ಅಚ್ಚುಮೊಳೆ ಸೀಸ, ಆಂಟಿಮನಿ ಮತ್ತು ತವರ ಬೆರೆತ ಮೆದು ಲೋಹದ್ದು. ಇಂಗ್ಲಿಷ್ ಮತ್ತು ಅಮೆರಿಕನ್ ಅಳತೆಯಲ್ಲಿ ಅದರ ಎತ್ತರ ಒಂದು ಇಂಚಿನ ಸಾವಿರದಲ್ಲಿ 918 ಭಾಗ, ಅಂದರೆ ಸುಮಾರು 23.3 ಮಿಲಿಮೀಟರ್. ಎಲ್ಲ ಮೊಳೆಗಳೂ ಒಂದೇ ಎತ್ತರದಲ್ಲಿ ನಿಂತು, ಶಾಯಿ ಹತ್ತಿದ ಮುಖ ಕಾಗದವನ್ನು ಸಮನಾಗಿ ಮುಟ್ಟಬೇಕು ಎಂಬುದೇ ಈ ವಿದ್ಯೆಯ ಮೂಲ. ಹಳೆಯ ಕೆಲಸಗಾರರು ಮೆಚ್ಚುತ್ತಿದ್ದುದು ಶಾಯಿ ಪೂರ್ತಿಯಾಗಿ ಇಳಿದಿದ್ದರೂ ಹಿಂಬದಿಯಲ್ಲಿ ಉಬ್ಬು ಏಳದ ಅಚ್ಚನ್ನು. ಎರಡೂ ಬದಿಗೆ ಮುದ್ರಿಸುವ ಹಾಳೆಯಲ್ಲಿ ಗುಳಿ ಬಿದ್ದರೆ ಹಿಂಬದಿಯ ಅಕ್ಷರಗಳು ಕುಣಿದಂತೆ ಕಾಣುತ್ತವೆ. ಮೇಲಾಗಿ ಪ್ರತಿಯೊಂದು ಹೆಚ್ಚಿನ ಒತ್ತಡವೂ ಮೊಳೆಯ ಮುಖವನ್ನು ಸವೆಸುತ್ತದೆ. ಮೊದಲು ಹೋಗುವುದು ತೆಳುಗೆರೆಗಳು, ಆಮೇಲೆ ಅಂಚುಗಳು ದುಂಡಾಗುತ್ತವೆ. ಒಂದು ಬಗೆಯ ಅಕ್ಷರದ ಮೊಳೆಯನ್ನು ಹೊಸದಾಗಿ ಎರಕ ಹೊಯ್ಯಿಸುವುದು ಇಂದು ಸುಲಭವಲ್ಲದಿರುವಾಗ, ತಮ್ಮ ಮೊಳೆಯನ್ನು ಕಾಪಾಡಿಕೊಳ್ಳಲು ನೋಡುವ ಮುದ್ರಕರು ಜಿಪುಣರಲ್ಲ, ಜವಾಬ್ದಾರರು.

ಗೆಳೆಯರು ಹೇಳುವ ಗುಳಿಯಚ್ಚು ಬೇಕೇಬೇಕೆಂದರೆ ಅದಕ್ಕೂ ದಾರಿ ಇದೆ. ಫೋಟೊಪಾಲಿಮರ್ ಎಂಬ, ಬೆಳಕಿಗೆ ಗಟ್ಟಿಯಾಗುವ ಪ್ಲಾಸ್ಟಿಕ್ಕಿನ ಪ್ಲೇಟಿನಲ್ಲಿ ಇಡೀ ಕಾರ್ಡಿನ ಅಕ್ಷರಗಳನ್ನು ಉಬ್ಬಾಗಿ ಮೂಡಿಸಿ, ಮಂದವಾದ ಹತ್ತಿಯ ಕಾಗದದ ಮೇಲೆ ಬಲವಾಗಿ ಒತ್ತಬಹುದು. ಪ್ಲೇಟು ಸವೆದರೆ ಇನ್ನೊಂದು ಮಾಡಿಸಿಕೊಂಡರಾಯಿತು. ಹತ್ತಿಯ ಎಳೆ ಉದ್ದವಾಗಿರುವುದರಿಂದ ಕಾಗದ ಒತ್ತಡಕ್ಕೆ ಹರಿಯದೆ ತಗ್ಗಿಕೊಡುತ್ತದೆ. ಒಂದೇ ಬದಿಯ ಕಾರ್ಡಿಗೆ, ದಪ್ಪ ಅಕ್ಷರಕ್ಕೆ, ಶಾಯಿಯಿಲ್ಲದೆ ಬರಿಯ ಒತ್ತಿನಿಂದಲೇ ಮೂಡಿಸುವ ಚಿಹ್ನೆಗೆ ಅದು ಒಪ್ಪುತ್ತದೆ. ಸಣ್ಣ ಅಕ್ಷರದ ದೂರವಾಣಿ ಸಂಖ್ಯೆಯನ್ನು ಆಳವಾಗಿ ಒತ್ತಿದರೆ ಮಾತ್ರ 6 ಮತ್ತು 8ರ ಒಳಗಿನ ಬಯಲು ಶಾಯಿಯಿಂದ ಮುಚ್ಚಿಹೋಗಿ, ಕಾರ್ಡು ತನ್ನ ಕೆಲಸವನ್ನೇ ಮಾಡಲಾರದಂತಾಗುತ್ತದೆ.

ಹಗುರವಾದ ಅಚ್ಚು ಸುಲಭವೆಂದು ಮಾತ್ರ ತಿಳಿಯಬೇಡಿ. ಅದರ ಹಿಂದಿನ ಸಿದ್ಧತೆಯನ್ನು ಹತ್ತಿರದಿಂದ ಒಮ್ಮೆ ನೋಡಬೇಕು. ಜೋಡಿಸಿದ ಮೊಳೆಯನ್ನು ಚೇಸ್ ಎಂಬ ಲೋಹದ ಚೌಕಟ್ಟಿನಲ್ಲಿ ಬಿಗಿದು, ಯಂತ್ರಕ್ಕೇರಿಸಿ, ಮೊದಲ ಪ್ರೂಫ್ ತೆಗೆದಾಗ ಹೆಸರಿನ ಮೊದಲಕ್ಷರ ಗಾಢವಾಗಿಯೂ ಕೊನೆಯಕ್ಷರ ಮಸುಕಾಗಿಯೂ ಬಂದಿರುತ್ತದೆ. ಮುದ್ರಕರು ಆ ಹಾಳೆಯನ್ನು ತಿರುಗಿಸಿ ಬೆಳಕಿಗೆ ಓರೆಯಾಗಿ ಹಿಡಿದು, ಎಲ್ಲಿ ಒತ್ತು ಹೆಚ್ಚಿದೆ, ಎಲ್ಲಿ ಕಡಿಮೆ ಎಂದು ಹಿಂಬದಿಯಿಂದ ಓದುತ್ತಾರೆ. ಮಸುಕಾದ ಅಕ್ಷರದ ಗಾತ್ರಕ್ಕೆ ಟಿಶ್ಯೂ ಕಾಗದದ ಚೂರನ್ನು ಕತ್ತರಿಸಿ, ಅಂಚು ಗೆರೆಯಾಗಿ ಕಾಣದಂತೆ ಬೆರಳಿನಿಂದ ಹರಿದು ತೆಳುವಾಗಿಸಿ, ಒತ್ತುಹಲಗೆಯ ಹೊದಿಕೆಯ ಕೆಳಗೆ ಸರಿಯಾಗಿ ಆ ಜಾಗಕ್ಕೆ ಅಂಟಿಸುತ್ತಾರೆ. ಮತ್ತೆ ಪ್ರೂಫ್, ಮತ್ತೊಂದು ಚೂರು. ಅಚ್ಚು ಹಾಕುವುದಕ್ಕೆ ಹಿಡಿಯುವ ಹೊತ್ತಿಗಿಂತ ಮೇಕ್‌ರೆಡಿ ಎಂಬ ಈ ಸಿದ್ಧತೆಗೆ ಹಿಡಿಯುವ ಹೊತ್ತೇ ಎಷ್ಟೋ ಸಲ ಹೆಚ್ಚು. ಕೇವಲ ಒತ್ತಡ ಹೆಚ್ಚಿಸಿದರೆ ಮಸುಕಾದ ಅಕ್ಷರವೂ ಮೂಡುತ್ತದೆ, ಹೌದು. ಆದರೆ ಪಕ್ಕದಲ್ಲಿ ಸರಿಯಾಗಿದ್ದ ಅಕ್ಷರ ಕೆಡುತ್ತದೆ. ಮೇಕ್‌ರೆಡಿ ಮಾಡುವ ತಾಳ್ಮೆ ಇಲ್ಲದ ಕಡೆ ಗುಳಿ ಅದರ ಕೊರತೆಯನ್ನು ಮುಚ್ಚುತ್ತದೆ ಎಂಬುದನ್ನು ನಿಮ್ಮ ಗೆಳೆಯರಿಗೂ ತಿಳಿಸಿ.

ಪ್ರಶ್ನೆ: ಸಂಖ್ಯೆ ಇರುವ ರಸೀತಿ ಪುಸ್ತಕವನ್ನು ಅಚ್ಚುಮೊಳೆಯಲ್ಲಿ ಮಾಡಿಸಬಹುದೆ? ಪ್ರತಿ ಹಾಳೆಗೂ ಸಂಖ್ಯೆಯ ಮೊಳೆಯನ್ನು ಬದಲಾಯಿಸುತ್ತಾ ಕೂರುತ್ತಾರೆಯೆ?

ಉತ್ತರ: ಬದಲಾಯಿಸುವುದಿಲ್ಲ. ನಂಬರಿಂಗ್ ಮೆಷಿನ್ ಎಂಬ ಬೆಂಕಿಪೆಟ್ಟಿಗೆಗಿಂತ ಚಿಕ್ಕದಾದ ಉಕ್ಕಿನ ಸಾಧನವನ್ನು ಮೊಳೆಗಳ ಜೊತೆಯಲ್ಲಿಯೇ ಚೇಸಿನೊಳಗೆ ಬಿಗಿಯುತ್ತಾರೆ. ಅದರ ಮುಖದಲ್ಲಿ ಮೊಳೆಗಿಂತ ತುಸು ಎತ್ತರವಾಗಿ ಚಾಚಿಕೊಂಡ ಒಂದು ಗುಂಡಿ ಇರುತ್ತದೆ. ಪ್ರತಿ ಸಲ ಅಚ್ಚು ಬಿದ್ದಾಗ ಅದು ಅದುಮಿಕೊಂಡು ಒಳಗಿನ ಅಂಕಿಯ ಗಾಲಿಯನ್ನು ಒಂದು ಹಲ್ಲು ಮುಂದಕ್ಕೆ ತಳ್ಳುತ್ತದೆ. ಎಷ್ಟೋ ಯಂತ್ರಗಳು ಹಿಂದಕ್ಕೆ ಎಣಿಸುತ್ತವೆ. ದೊಡ್ಡ ಸಂಖ್ಯೆಯಿಂದ ಆರಂಭಿಸಿದರೆ ಒಂದರ ಮೇಲೊಂದು ಬೀಳುವ ಹಾಳೆಗಳಲ್ಲಿ ಕೊನೆಗೆ 1ನೆಯದು ಮೇಲೆ ಬರುವುದರಿಂದ, ಅಟ್ಟಿಯನ್ನು ತಿರುಗಿ ಜೋಡಿಸುವ ಕೆಲಸ ಉಳಿಯುತ್ತದೆ. ಹರಿಯುವ ತೂತುಗೆರೆಯನ್ನೂ ಹಲ್ಲಿರುವ ಉಕ್ಕಿನ ಪಟ್ಟಿಯನ್ನು ಇದೇ ರೀತಿ ಬಿಗಿದು ಮಾಡುತ್ತಾರೆ. ಆ ಹಲ್ಲು ಶಾಯಿಯ ರೋಲರನ್ನು ಗಾಯಗೊಳಿಸುವುದರಿಂದ, ರೋಲರುಗಳನ್ನು ತೆಗೆದು ಬೇರೆಯಾಗಿಯೇ ಒಂದು ಸುತ್ತು ಓಡಿಸುವುದು ಎಚ್ಚರದ ಕ್ರಮ.

ರಸೀತಿಯ ವಿಷಯದಲ್ಲಿ ನೀವು ಕೇಳಬೇಕಾದ ಮುಖ್ಯ ಪ್ರಶ್ನೆ ಕಾಗದದ್ದು. ಅದರ ಮೇಲೆ ಬರೆಯುವವರಿದ್ದಾರೆ. ಅಚ್ಚು ಸೊಗಸಾಗಿ ಇಳಿಯುವ ಮೆದುವಾದ, ಶಾಯಿ ಹೀರದಂತೆ ತಡೆಯುವ ಅಂಟಿನ ಲೇಪವಿಲ್ಲದ ಕಾಗದದಲ್ಲಿ ಪೆನ್ನಿನ ಶಾಯಿ ಒಡೆದು ಹರಡುತ್ತದೆ. ಆದ್ದರಿಂದ ಬರವಣಿಗೆಗೆಂದೇ ತಯಾರಿಸಿದ ಕಾಗದವನ್ನು ಆರಿಸಿರಿ. ಗೆರೆಗಳ ನಡುವೆ ಕೈಬರಹಕ್ಕೆ ಸಾಕಷ್ಟು ಅಂತರವಿದೆಯೆ ಎಂಬುದನ್ನು ಪ್ರೂಫಿನ ಮೇಲೆ ನೀವೇ ಒಂದು ಹೆಸರು, ಒಂದು ಮೊತ್ತ ಬರೆದು ಪರೀಕ್ಷಿಸಿರಿ. ಎಷ್ಟೋ ಚೆಂದದ ರಸೀತಿಗಳು ತುಂಬಲು ಕುಳಿತವರ ಕೈಯಲ್ಲಿ ಸೋಲುವುದು ಈ ಅಂತರ ಸಾಲದೆ.

ಪ್ರಶ್ನೆ: ನನ್ನ ಪುಸ್ತಕಗಳ ಒಳಬದಿಗೆ ಅಂಟಿಸಲು ಹೆಸರಿನ ಚೀಟಿ ಮಾಡಿಸಬೇಕೆಂದಿದ್ದೇನೆ. ಮೂರು ಬಗೆಯ ಅಕ್ಷರ, ಸುತ್ತ ಹೂವಿನ ಅಂಚು, ಎರಡು ಬಣ್ಣ ಇರಲಿ ಎಂಬ ಆಸೆ. ಸಲಹೆ ಕೊಡಿ.

ಉತ್ತರ: ಅಕ್ಷರ ಒಂದೇ ಬಗೆಯದಿರಲಿ, ಗಾತ್ರ ಎರಡಿರಲಿ. ಹೂವಿನ ಅಂಚು ಬೇಡವೆನ್ನುವುದಿಲ್ಲ. ಅದರ ಬಿಡಿ ಹೂಗಳೂ ಮೊಳೆಗಳೇ, ನಾಲ್ಕೂ ಮೂಲೆಯಲ್ಲಿ ಅವು ಸಂದಿಲ್ಲದೆ ಕೂಡುತ್ತವೆಯೆ ಎಂದು ಮಾತ್ರ ನೋಡಿರಿ. ಎರಡನೆಯ ಬಣ್ಣವೆಂದರೆ ಯಂತ್ರವನ್ನು ತೊಳೆದು, ಅದೇ ಹಾಳೆಯನ್ನು ಅದೇ ಜಾಗದಲ್ಲಿಟ್ಟು ಇನ್ನೊಮ್ಮೆ ಅಚ್ಚು ಹಾಕುವುದು. ಹೆಸರಿನ ಒಂದಕ್ಷರಕ್ಕೋ ಒಂದು ಚಿಕ್ಕ ಹೂವಿಗೋ ಕೆಂಪು ಕೊಟ್ಟರೆ ಆ ಶ್ರಮ ಸಾರ್ಥಕ. ಅಂಚಿಗೆಲ್ಲ ಕೆಂಪು ಬಳಿದರೆ ಕಣ್ಣು ಹೆಸರಿನ ಮೇಲೆ ನಿಲ್ಲುವುದಿಲ್ಲ. ಅಂಟಿಸುವ ಚೀಟಿಯಾದ್ದರಿಂದ ಕಾಗದ ತೆಳ್ಳಗಿರಬೇಕು, ಮತ್ತು ಅದರ ಎಳೆಯ ದಿಕ್ಕು ಪುಸ್ತಕದ ಬೆನ್ನಿಗೆ ಸಮಾನಾಂತರವಾಗಿರಬೇಕು. ಇಲ್ಲವಾದರೆ ಗೋಂದು ಒಣಗುವಾಗ ಚೀಟಿ ಸುರುಟಿ, ರಟ್ಟನ್ನೂ ಎಳೆಯುತ್ತದೆ.

ಪ್ರಶ್ನೆ: ಹಿರಿಯರ ಪೆಟ್ಟಿಗೆಯಲ್ಲಿ ಹಳೆಯ ಲೇಬಲ್ಲು, ಟಿಕೆಟ್ಟು, ಕರಪತ್ರಗಳ ಒಂದು ಕಟ್ಟು ಸಿಕ್ಕಿದೆ. ಇವು ಅಚ್ಚುಮೊಳೆಯವೇ ಎಂದು ಗುರುತಿಸುವುದು ಹೇಗೆ? ಕೆಡದಂತೆ ಲ್ಯಾಮಿನೇಷನ್ ಮಾಡಿಸಲೆ?

ಉತ್ತರ: ದಯವಿಟ್ಟು ಲ್ಯಾಮಿನೇಷನ್ ಮಾಡಿಸಬೇಡಿ. ಬಿಸಿಯಲ್ಲಿ ಕರಗಿದ ಪ್ಲಾಸ್ಟಿಕ್ ಕಾಗದದ ಎಳೆಯೊಳಗೆ ಇಳಿದರೆ ಅದನ್ನು ಮತ್ತೆ ಬಿಡಿಸುವುದು ಅಸಾಧ್ಯವೆನ್ನುವಷ್ಟು ಕಷ್ಟ. ಇನ್ನು ಲೆಟರ್‌ಪ್ರೆಸ್ಸಿನ ಗುರುತಾದರೋ, ಬೆರಳಿಗೆ ಸಿಗುವ ಒತ್ತೇ ಮೊದಲ ಸುಳಿವಾದರೂ ಅದೊಂದನ್ನೇ ನಂಬುವಂತಿಲ್ಲ. ಹಗುರವಾಗಿ ಅಚ್ಚಾದದ್ದರಲ್ಲಿ ಅದು ಸಿಗದೇ ಇರಬಹುದು. ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಮಸೂರದಲ್ಲಿ ಅಕ್ಷರದ ಅಂಚನ್ನು ನೋಡಿರಿ. ಉಬ್ಬಿದ ಮುಖ ಕಾಗದವನ್ನು ಒತ್ತಿದಾಗ ಶಾಯಿ ಹೊರಕ್ಕೆ ತಳ್ಳಿಕೊಂಡು, ಅಂಚಿನುದ್ದಕ್ಕೂ ಒಳಗಿನ ಭಾಗಕ್ಕಿಂತ ಗಾಢವಾದ ತೆಳುಗೆರೆಯೊಂದು ಮೂಡಿರುತ್ತದೆ. ಉಬ್ಬಿದ ಮುಖವಿಲ್ಲದೆ ರಬ್ಬರ್ ಹೊದಿಕೆಯ ಮೂಲಕ ಮುದ್ರಿಸುವ ಆಫ್‌ಸೆಟ್ಟಿನಲ್ಲಿ ಶಾಯಿ ಸಪಾಟಾಗಿ ಒಂದೇ ಸಮನಾಗಿರುತ್ತದೆ. ಸಾಲಿನ ನಡುವೆ ಒಂದಕ್ಷರ ಮಾತ್ರ ತುಸು ಮೇಲೆದ್ದಿರುವುದು, ಅಂಚಿನ ಗೆರೆಗಳು ಮೂಲೆಯಲ್ಲಿ ಕೂಡದೆ ಕೂದಲೆಳೆಯಷ್ಟು ಸಂದು ಬಿಟ್ಟಿರುವುದು, ಇವು ಮೊಳೆಯನ್ನು ಕೈಯಿಂದ ಜೋಡಿಸಿದ್ದರ ಸುಳಿವುಗಳು.

ಕಟ್ಟಿಗೆ ರಬ್ಬರ್ ಬ್ಯಾಂಡ್, ಗುಂಡುಸೂಜಿ, ಕ್ಲಿಪ್ಪುಗಳಿದ್ದರೆ ಇಂದೇ ತೆಗೆದುಬಿಡಿ. ಅಗ್ಗದ ಕರಪತ್ರಗಳ ಕಾಗದವನ್ನು ಸಾಮಾನ್ಯವಾಗಿ ಮರದ ತಿರುಳನ್ನು ಅರೆದು ಮಾಡಿರುತ್ತಾರೆ. ಅದರಲ್ಲಿ ಉಳಿದ ಲಿಗ್ನಿನ್ ಎಂಬ ಮರದ ಅಂಶ ಬೆಳಕು ಮತ್ತು ಗಾಳಿಗೆ ಹಳದಿಯಾಗುತ್ತಾ, ಆಮ್ಲ ಹುಟ್ಟಿ, ಕಾಗದ ಮುರಿಯುವಷ್ಟು ಒಣಕಲಾಗುತ್ತದೆ. ಪಕ್ಕದಲ್ಲಿಟ್ಟ ಒಳ್ಳೆಯ ಕಾರ್ಡಿಗೂ ಆ ಆಮ್ಲ ಹತ್ತುತ್ತದೆಯಾದ್ದರಿಂದ ಎರಡನ್ನೂ ಬೇರೆ ಬೇರೆ ಇಡಬೇಕು. ಆಮ್ಲರಹಿತ ಕಾಗದದ ಮಡಿಕೆಗಳಲ್ಲಿ ಅಥವಾ ಪಾಲಿಯೆಸ್ಟರ್ ಚೀಲಗಳಲ್ಲಿ ಇಟ್ಟು, ಬಿಸಿಲು ತೇವ ತಾಗದ ಕಡೆ ಮಲಗಿಸಿಡಿರಿ, ಪಿ.ವಿ.ಸಿ. ಚೀಲ ಬೇಡ, ಅಂಟುಪಟ್ಟಿಯಂತೂ ಬೇಡವೇ ಬೇಡ.

ಇಂಥ ಕಟ್ಟುಗಳಿಗೆ ಬೆಲೆಯಿಲ್ಲವೆಂದು ಯಾರಾದರೂ ಹೇಳಿದರೆ ಒಪ್ಪಬೇಡಿ. 1925ರಿಂದ 1946ರವರೆಗೆ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಮುದ್ರಕರಾಗಿದ್ದ ಜಾನ್ ಜಾನ್ಸನ್ ಟಿಕೆಟ್ಟು, ಬಿಲ್ಲು, ಲೇಬಲ್ಲುಗಳನ್ನೇ ಜೀವಮಾನವೆಲ್ಲ ಕೂಡಿಹಾಕಿದರು. ಆ ಸಂಗ್ರಹ 1968ರಲ್ಲಿ ಬಾಡ್ಲಿಯನ್ ಗ್ರಂಥಾಲಯವನ್ನು ಸೇರಿ, ಇಂದು ದಿನಬಳಕೆಯ ಮುದ್ರಣದ ಅಭ್ಯಾಸಿಗಳಿಗೆಲ್ಲ ಆಧಾರವಾಗಿದೆ. 1975ರಲ್ಲಿ ಮಾರಿಸ್ ರಿಕರ್ಡ್ಸ್ ಲಂಡನ್ನಿನಲ್ಲಿ ಈ ಬಗೆಯ ಕಾಗದಗಳಿಗೆಂದೇ ಒಂದು ಸಂಘವನ್ನು ಕಟ್ಟಿದರು. ನಿಮ್ಮ ಕಟ್ಟಿನಲ್ಲಿ ಒಂದೊಂದು ಕಾಗದ ಎಲ್ಲಿಂದ ಬಂತು, ಯಾರ ಕೈಯಲ್ಲಿತ್ತು, ಯಾವ ವರ್ಷದ್ದೆಂದು ಮನೆಯವರಿಗೆ ನೆನಪಿದೆ ಎಂಬುದನ್ನು ಈಗಲೇ ಕೇಳಿ ಬರೆದಿಡಿ. ಕಾಗದದ ಮೇಲಲ್ಲ, ಅದನ್ನಿಟ್ಟ ಮಡಿಕೆಯ ಮೇಲೆ, ಕಾಗದವನ್ನು ಒಳಗಿಡುವ ಮೊದಲು, ಮೆದು ಪೆನ್ಸಿಲಿನಲ್ಲಿ. ಕೆಳ ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ಮುದ್ರಣಾಲಯದ ಹೆಸರಿದ್ದರೆ ಅದನ್ನೂ ಸೇರಿಸಿರಿ, ಮತ್ತು ಅಂದ ಕಾಣಲೆಂದು ಆ ಅಂಚನ್ನು ಎಂದಿಗೂ ಕತ್ತರಿಸಬೇಡಿ.