ಸಿಂಹಗಡಕ್ಕೆ ಹಿಮಾಲಯದ ಜಾತಕ ಬೇಡ

ನಮಸ್ಕಾರ. ನೀವು ಕಳಿಸಿದ ‘ಬೆಟ್ಟಗಳು ಹುಟ್ಟಿದ ಬಗೆ’ ಲೇಖನವನ್ನು ಎರಡು ಸಲ ಓದಿದೆ. ಒಮ್ಮೆ ಡೊಂಬಿವಿಲಿ ಲೋಕಲ್‌ನಲ್ಲಿ ನಿಂತುಕೊಂಡು, ಇನ್ನೊಮ್ಮೆ ಮನೆಯಲ್ಲಿ ಪೆನ್ಸಿಲ್ ಹಿಡಿದುಕೊಂಡು. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಬೇಜಾರು ಮಾಡಿಕೊಳ್ಳಬೇಡಿ, ಯಾಕೆ ಅಂತ ಹೇಳುತ್ತೇನೆ.

ಪುಣೆಯಲ್ಲಿದ್ದೀರಿ, ಪ್ರತಿ ಭಾನುವಾರ ಸಹ್ಯಾದ್ರಿಯ ಸಿಂಹಗಡ ಕೋಟೆ ಹತ್ತುತ್ತೀರಿ ಅಂತ ನೀವೇ ಬರೆದಿದ್ದೀರಿ. ಆದರೂ ಎರಡನೇ ಪುಟದಲ್ಲಿ, ಸರಿದು ಬಂದ ಭಾರತದ ಭೂಭಾಗ ಏಷ್ಯಾಕ್ಕೆ ಗುದ್ದಿದ ರಭಸಕ್ಕೆ ಹಿಮಾಲಯ, ಸಹ್ಯಾದ್ರಿ ಎರಡೂ ಎದ್ದವು ಅಂದುಬಿಟ್ಟಿದ್ದೀರಲ್ಲ! ಆ ಗುದ್ದಾಟ ಶುರುವಾಗಿದ್ದು ಸುಮಾರು 5 ಕೋಟಿ ವರ್ಷದ ಹಿಂದೆ. ಸಿಂಹಗಡದ ಕಲ್ಲು ಅದಕ್ಕೂ ಮೊದಲೇ, ಸುಮಾರು 6.6 ಕೋಟಿ ವರ್ಷದ ಹಿಂದೆ, ಲಾವಾ ಆಗಿ ಹರಿದು ತಣ್ಣಗಾಗಿದ್ದು. ಮುಂದಿನ ಸಲ ಹತ್ತುವಾಗ ಪಿಠಲ-ಭಾಕರಿ ತಿನ್ನಲು ಓಡುವ ಮೊದಲು ಪಕ್ಕದ ಬಂಡೆ ನೋಡಿ. ದೋಸೆ ಮೇಲೆ ದೋಸೆ ಪೇರಿಸಿಟ್ಟ ಹಾಗೆ ಪದರಗಳು ಮಟ್ಟಸವಾಗಿ ಮಲಗಿವೆ. ಗುದ್ದಿಸಿಕೊಂಡ ಕಲ್ಲು ಹಾಗೆ ಆರಾಮಾಗಿ ಮಲಗಿರುತ್ತದಾ? ಹಿಮಾಲಯದಲ್ಲಿ ಪದರಗಳು ಮಡಚಿಕೊಂಡಿವೆ, ಎಷ್ಟೋ ಕಡೆ ಹಳೆಯ ಕಲ್ಲು ಹೊಸ ಕಲ್ಲಿನ ಮೇಲೆ ಹತ್ತಿ ಕೂತಿದೆ. ಸಹ್ಯಾದ್ರಿ ಬೇರೆ ಜಾತಿ. ಪಶ್ಚಿಮಕ್ಕೆ ನೆಲ ಸೀಳಿ ಸಮುದ್ರ ತೆರೆದುಕೊಂಡ ಮೇಲೆ ದಖ್ಖನ್ ಪ್ರಸ್ಥಭೂಮಿಗೆ ಉಳಿದ ಅಂಚು ಅದು, ಆಮೇಲೆ ಮಳೆ, ಹೊಳೆಗಳು ಕೊರೆದು ಕೊರೆದು ಈ ಗೋಡೆ ಆಗಿದೆ. ನೀವು ಮುಂಬೈ ಬಸ್ಸಲ್ಲಿ ಖಂಡಾಳ ಘಾಟ್ ಇಳಿಯುವಾಗ ಮಟ್ಟಸವಾಗಿ ಕಾಣುವ ಅದೇ ಲಾವಾ ಪದರಗಳು ಪನವೇಲ್ ಹತ್ತಿರ ಸಮುದ್ರದ ಕಡೆ ವಾಲುತ್ತವೆ.

ಇನ್ನು ‘ಬಿರುಕು’. ಭೂವಿಜ್ಞಾನದವರು ಫಾಲ್ಟ್ (ಸ್ತರಭಂಗ) ಅನ್ನುವ ಕಡೆಯೆಲ್ಲ ಆ ಪದ ಬಳಸಿದ್ದೀರಿ. ಸುಮ್ನೆ ಬಿರುಕು ಬಿಟ್ಟರೆ ಅದು ಫಾಲ್ಟ್ ಅಲ್ಲ, ಎರಡು ಬದಿಯ ಕಲ್ಲು ಒಂದನ್ನೊಂದು ಬಿಟ್ಟು ಜಾರಿರಬೇಕು. ನೆಲವನ್ನು ಎಳೆದರೆ ಒಂದು ಬದಿ ಕುಸಿಯುತ್ತದೆ. ನರ್ಮದಾ, ತಾಪಿ ಕಣಿವೆಗಳ ನಡುವೆ ಸಾತ್ಪುರ ಎತ್ತರಕ್ಕೆ ನಿಂತದ್ದು ಹೀಗೆ. ಒತ್ತಿದರೆ ಒಂದು ಬದಿ ಇನ್ನೊಂದರ ಮೇಲೆ ಹತ್ತುತ್ತದೆ. ಹಿಮಾಲಯದಲ್ಲಿ ಈಗಲೂ ನಡೆಯುತ್ತಿರುವುದು ಇದೇ. ‘ಪ್ರತಿ ಭೂಕಂಪಕ್ಕೂ ಹಿಮಾಲಯ ಎತ್ತರ ಆಗುತ್ತದೆ’ ಅನ್ನುವ ನಿಮ್ಮ ಸಾಲು ಮಾತ್ರ ಅರ್ಧ ಸರಿ. 2015ರ ಏಪ್ರಿಲ್ 25ರ ನೇಪಾಳ ಭೂಕಂಪದಲ್ಲಿ ಕಠ್ಮಂಡುವಿನ ನೆಲ ಸುಮಾರು ಒಂದು ಮೀಟರ್ ಮೇಲೆದ್ದಿತು, ಉತ್ತರದ ಎತ್ತರದ ಭಾಗ ಸ್ವಲ್ಪ ತಗ್ಗಿತು. ಇಂಥದ್ದನ್ನು ಬರೆಯಿರಿ. ‘ಪ್ರಕೃತಿಯ ವಿಸ್ಮಯ’ ನಾಲ್ಕು ಸಲ ಬಂದಿದೆ, ನಾಲ್ಕನ್ನೂ ಹೊಡೆದುಹಾಕಿದ್ದೇನೆ.

ನನಗೆ ಜಾಸ್ತಿ ಸಿಟ್ಟು ಬಂದಿದ್ದು ಆರನೇ ಪುಟಕ್ಕೆ. ಅಜ್ಜಿಯ ದೇವರ ಪೆಟ್ಟಿಗೆಯ ಸಾಲಿಗ್ರಾಮ ಅಲ್ಲಿ ಒಂದೇ ಸಾಲಲ್ಲಿ ಬಂದು ಹೋಗಿದೆ. ಅಲ್ಲಾ, ಗಂಡಕಿ ನದಿಯಿಂದ ಬಂದ ಆ ಕಪ್ಪು ಕಲ್ಲಿನ ಚಕ್ರ ಅಮ್ಮೊನೈಟ್ ಅನ್ನುವ ಕಡಲಜೀವಿಯ ಚಿಪ್ಪಿನ ಅಚ್ಚು. ಭಾರತಕ್ಕೂ ಏಷ್ಯಾಕ್ಕೂ ನಡುವೆ ಟೆಥಿಸ್ ಸಮುದ್ರ ಇತ್ತು, ಅದರ ತಳವೇ ಒತ್ತಡಕ್ಕೆ ಸಿಕ್ಕಿ ಬೆಟ್ಟಕ್ಕೇರಿತು ಅನ್ನುವುದಕ್ಕೆ ಸಾಕ್ಷಿ ನಿಮ್ಮ ಮನೆಯಲ್ಲೇ, ತುಳಸಿ ಎಸಳಿನ ಕೆಳಗೆ ಕೂತಿದೆ! ಅಲ್ಲಿಂದ ಶುರು ಮಾಡಿ. ಅಜ್ಜಿ ಅದಕ್ಕೆ ಅಭಿಷೇಕ ಮಾಡುವುದನ್ನು ಬರೆಯಿರಿ, ಆಮೇಲೆ ಸಿಂಹಗಡಕ್ಕೆ ಬನ್ನಿ. ಒಂದು ಕಡಲಿನ ಕಲ್ಲು, ಇನ್ನೊಂದು ಬೆಂಕಿಯ ಕಲ್ಲು, ಎರಡನ್ನೂ ನೀವು ಮುಟ್ಟಿ ನೋಡಿದ್ದೀರಿ. ಮೊದಲ ಮೂರು ಪುಟ ತಾನಾಗಿ ಉದುರುತ್ತದೆ.

ತಿಂಗಳೊಳಗೆ ಕಳಿಸಿ, ಯೂನಿಕೋಡ್‌ನಲ್ಲಿ. ಪಿಡಿಎಫ್ ಬೇಡ. ಸಾಲಿಗ್ರಾಮದ ಫೋಟೋ ಸಿಕ್ಕರೆ ಒಳ್ಳೇದು. ಅಜ್ಜಿ ಮಡಿ ಅಂದರೆ ಬಿಡಿ, ಒತ್ತಾಯ ಮಾಡಬೇಡಿ.